ವಿರೂಪಣ್ಣನ ಹಸಿರು ಎಂಜಿನ್

ಆ ಅಮಾವಾಸ್ಯೆಯ ಬೆಳಿಗ್ಗೆ ಪಕ್ಕದ ಮನೆಯ ಮಾನಮ್ಮ ನಾಲ್ಕು ನಿಂಬೆಹಣ್ಣು ಹಿಡಿದು ಬರದೇ ಹೋಗಿದ್ದರೆ ವಿರೂಪಣ್ಣನ ರೈಲು ಸದ್ದಿಲ್ಲದೆ ಹೊರಟುಬಿಡುತ್ತಿತ್ತು. ಅವನಿಗೆ ಬೇಕಾಗಿದ್ದುದೂ ಅಷ್ಟೇ: ಹಿತ್ತಲಿನ ಬೇವಿನ ಮರಕ್ಕೆ ಒಂದೇ ಒಂದು ಸುತ್ತು, ತಾನೇ ಓಡಿಸಿಕೊಂಡು.

ವಿರೂಪಣ್ಣ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವ. ಆ ಊರಿಗೆ ರೈಲೇ ಇಲ್ಲ. ಇಪ್ಪತ್ತೆರಡರ ಪ್ರಾಯದಲ್ಲಿ ಎಂಜಿನ್ ಓಡಿಸುವ ಕೆಲಸ ಹುಡುಕಿಕೊಂಡು ರಾಯಚೂರಿಗೆ ಹೋಗಿದ್ದ. ಕಣ್ಣಿನ ಪರೀಕ್ಷೆ ಮಾಡಿದ ಡಾಕ್ಟರು ವಾಪಸು ಕಳಿಸಿದರು. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಕಣ್ಣಿಗೆ ಏನು ಧಾಡಿ? ಡಾಕ್ಟರು ತಮ್ಮ ಕಡೆಯವರಿಗೆ ಕೆಲಸ ಕೊಡಿಸಿದರೆಂದು ಇಪ್ಪತ್ತು ವರ್ಷದಿಂದ ಅವರಿಗೆ ಶಾಪ ಹಾಕುತ್ತಲೇ ಇದ್ದ. ರಾಯಚೂರಿಗೆ ಹೋದಾಗಲೆಲ್ಲ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಎಂಜಿನ್ನಿನ ಹೊಗೆ ಕುಡಿದು ಬರುತ್ತಿದ್ದ.

ಎಪ್ಪತ್ತಾರನೇ ಇಸವಿಯಲ್ಲಿ ಗಿರಣಿಗೆ ಯಂತ್ರ ಜೋಡಿಸಲು ಬಂದ ಜಪಾನಿನವನೊಬ್ಬ ಹೋಗುವಾಗ ಒಂದು ಮಾಸಪತ್ರಿಕೆ ಕೊಟ್ಟುಹೋದ. ಅಕ್ಷರ ತಿಳಿಯದಿದ್ದರೂ ಚಿತ್ರ ಸಾಕಾಯಿತು. ಟೊಪ್ಪಿಗೆ ಹಾಕಿದ ಮುದುಕನೊಬ್ಬ ತನ್ನ ಹಿತ್ತಲಲ್ಲಿ, ಮೊಣಕಾಲೆತ್ತರದ ಹಸಿರು ಎಂಜಿನ್ನಿನ ಹಿಂದೆ, ಗಾಲಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ನಿಜವಾದ ಬೆಂಕಿ, ನಿಜವಾದ ಉಗಿ. ಮುದುಕನ ಮುಖದ ಮೇಲಿನ ಸುಖವನ್ನು ವಿರೂಪಣ್ಣ ಮತ್ತೆ ಮತ್ತೆ ತೆಗೆದು ನೋಡಿದ. ಊರಿನ ವರ್ಕ್‌ಶಾಪಿನ ಸತ್ತಾರ್ ಸಾಬನ ಲೇತ್ ಯಂತ್ರದ ಮುಂದೆ ಆರು ವರ್ಷ ನಿಂತು ಅಂಥದೇ ಎಂಜಿನ್ ಮಾಡಿದ. ಕೊನೆಗೆ ಚಿತ್ರದಲ್ಲಿದ್ದ ಹಸಿರನ್ನೇ ಆರಿಸಿ ತಂದು ತನ್ನ ಕೈಯಾರೆ ಬಳಿದ.

ಬೇವಿನ ಮರದ ಸುತ್ತ ಹಳಿ ಹಾಸಿಯಾಗಿತ್ತು, ಉಗಿ ಏರಿತ್ತು. ಅಷ್ಟರಲ್ಲಿ ಮಾನಮ್ಮ ಬಂದಳು.

"ಮೊದಲನೇ ಸಲ ಹೊಂಟಾಳ, ಬರೇ ಉಡೀಲೆ ಕಳಸ್ತೀಯೇನು ಯಣ್ಣಾ?" ಎಂದು ಎಂಜಿನ್ನಿನ ಮುಂದೆ ಅಕ್ಕಿ, ಕೊಬ್ಬರಿ, ರವಿಕೆ ಬಟ್ಟೆಯ ಎರಡು ಖಣ ಇಟ್ಟು, ತವರಿನಿಂದ ಹೊರಟ ಮಗಳಿಗೆ ಮಾಡುವಂತೆ ಉಡಿ ತುಂಬಿದಳು. ಗಾಲಿಗಳ ಕೆಳಗೆ ನಿಂಬೆಹಣ್ಣನ್ನೂ ಇಟ್ಟಳು. ಲಾರಿಯಾಗಿದ್ದರೆ ಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಇಲ್ಲಿ ಎಂಜಿನ್ನೇ ಹಣ್ಣು ಹತ್ತಿ, ಹಳಿ ಬಿಟ್ಟು, ಮುನಿಸಿಕೊಂಡ ಎಮ್ಮೆಯಂತೆ ಪಕ್ಕಕ್ಕೆ ಮಲಗಿತು.

"ಇದಕ್ಕ ರೈಲ್ವೇದವರೇ ಬೇಕು" ಎಂದು ಮಾನಮ್ಮ ಹಿಂದಿನ ಓಣಿಯ ವೆಂಕಣ್ಣನನ್ನು ಕರೆತಂದಳು. ಗಾರ್ಡ್ ಕೆಲಸದಿಂದ ನಿವೃತ್ತನಾದ ವೆಂಕಣ್ಣ ಕರಿ ಕೋಟು ಹಾಕಿಕೊಂಡೇ ಬಂದ. ವಿರೂಪಣ್ಣನ ಹೆಂಡತಿ ಶರಣಮ್ಮನೂ ಕೈ ಹಚ್ಚಿ, ಎಲ್ಲರೂ ಸೇರಿ ಎಂಜಿನ್ ಎತ್ತಿ ಹಳಿಯ ಮೇಲೆ ಕೂರಿಸಿದರು. ವಿರೂಪಣ್ಣ ಹಲಗೆಯ ಮೇಲೆ ಕೂತ.

"ತಡಿ. ಗಾರ್ಡ್ ಹಸರು ತೋರಸೂತನಕ ಗಾಡಿ ಅಲ್ಲಾಡಂಗಿಲ್ಲ" ಎಂದ ವೆಂಕಣ್ಣ ಉಡಿಯ ಖಣಗಳನ್ನು ಎತ್ತಿಕೊಂಡ. ಒಂದು ಕೆಂಪು, ಒಂದು ಹಸಿರು. ಮಾನಮ್ಮ ಇನ್ನೂ ಹಳಿಯ ಮೇಲೆ ಬಗ್ಗಿ ಚೆಲ್ಲಿದ ಅಕ್ಕಿ ಆರಿಸುತ್ತಿದ್ದಳು. ವೆಂಕಣ್ಣ ಒಂದು ಖಣ ಎತ್ತಿ ಹಿಡಿದ. ವಿರೂಪಣ್ಣ ಉಗಿ ಬಿಟ್ಟ.

ಮಾನಮ್ಮ ಎಮ್ಮೆಯ ನೀರಿನ ಬಾನಿಯಲ್ಲಿ ಬಿದ್ದಳು.

"ಕೆಂಪು ಹಿಡದೀನಲ್ಲೋ, ಕಾಣಸ್ಲಿಲ್ಲೇನು?" ಎಂದ ವೆಂಕಣ್ಣ.

ವಿರೂಪಣ್ಣ ಎಂಜಿನ್ ನಿಲ್ಲಿಸಿದ. "ಹಸರ ಅದರೀ ಅದು. ನನ್ನ ಎಂಜಿನ್ ಬಣ್ಣನ ಅಲ್ಲೇನ್ರೀ?"

ವೆಂಕಣ್ಣ ಖಣ ನೋಡಿದ, ಎಂಜಿನ್ ನೋಡಿದ. "ಹೌದಪಾ, ಅದರ ಬಣ್ಣನ ಅದ" ಎಂದ. ಬಾನಿಯಿಂದ ಎದ್ದ ಮಾನಮ್ಮ ಸೀರೆ ಹಿಂಡಿಕೊಳ್ಳುತ್ತ ಎಂಜಿನ್ನನ್ನೇ ನೋಡಿದಳು. ವಿರೂಪಣ್ಣ ಹೆಂಡತಿಯ ಕಡೆ ತಿರುಗಿದ.

"ಎಂಜಿನ್ನೂ ಕೆಂಪೇ ಅದರೀ" ಎಂದಳು ಶರಣಮ್ಮ. "ಮದಿವ್ಯಾಗ ಹಸರ ಸೀರಿ ಅಂತ ನೀವು ತಂದದ್ದೂ ಕೆಂಪೇ ಇತ್ತು. ಹ್ಯಾಂಗ ಹೇಳ್ಲಿ?"

"ಹಂಗಾದ್ರ ಆ ಡಾಕ್ಟ್ರು..."

"ಖರೇನ ಹೇಳಿದ್ರು."

ಇಪ್ಪತ್ತು ವರ್ಷದ ಸಿಟ್ಟನ್ನು ಈಗ ಯಾರ ತಲೆಗೆ ಕಟ್ಟುವುದೋ ವಿರೂಪಣ್ಣನಿಗೆ ತಿಳಿಯಲಿಲ್ಲ. ಎಂಜಿನ್ ಮಾತ್ರ ಬುಸುಗುಟ್ಟುತ್ತಲೇ ಇತ್ತು.

"ಬಣ್ಣ ಕಾಣದವ ಓಡಸಂಗಿಲ್ಲ. ಹಿಂದ ಸರಿ" ಎಂದ ವೆಂಕಣ್ಣ ಅವನ ಮುಂದೆಯೇ ಕೂತು ಕಾಲು ಇಳಿಬಿಟ್ಟ. ಹಿಡಿಕೆಯನ್ನು ಕೋಟಿನ ತೋಳಿನಿಂದ ಒರೆಸಿ ಹಿಡಿದ. "ಮೂವತ್ತು ವರ್ಷ ಗಾಡಿ ಬಾಲದಾಗ ಕುಂತೀನಿ ವಿರೂಪಣ್ಣ. ಒಂದು ದಿನಾನೂ ಯಾರೂ ಮುಂದ ಕುಂದ್ರಸಲಿಲ್ಲ."

ಜಪಾನಿನ ಮುದುಕನ ಮುಖದಲ್ಲಿದ್ದ ಸುಖವೇ ಈಗ ಈ ಮುದುಕನ ಮುಖದಲ್ಲೂ ಇತ್ತು. ವಿರೂಪಣ್ಣ ಇಳಿ ಎನ್ನದೆ ಹಿಂದೆ ಸರಿದು ಕೂತ. ಬೇವಿನ ಮರದ ಹತ್ತಿರ ಶರಣಮ್ಮ ಒಂದು ಖಣ ಎತ್ತಿದಳು.

"ಯಾವುದು ತೋರಸ್ಯಾಳ್ರೀ?" ಎಂದು ಕೇಳಿದ.

"ಹಸರು" ಎಂದು ವೆಂಕಣ್ಣ ಉಗಿ ಬಿಟ್ಟ. ಹೊಗೆಯೆಲ್ಲ ವಿರೂಪಣ್ಣನ ಮುಖಕ್ಕೇ ಬಂತು. ಕಣ್ಣು ಒರೆಸಿಕೊಳ್ಳಲು ಅವನಿಗೂ ಅಂಥದೊಂದು ನೆಪ ಬೇಕಾಗಿತ್ತು.