ಅಕ್ಕಿಯ ಕೋಲು, ಕಾಫಿಯ ಪೆಟ್ಟಿಗೆ

ಎಕನಾಮಿಕ್ಸಿನಲ್ಲಿ ಬಿ.ಎ. ಮಾಡಿ, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟವನೊಬ್ಬ ಕಾಫಿ ತೋಟದ ಅರುವತ್ತು ಆಳುಗಳ ಮುಂದೆ ನಿಂತು, ಬಂಡವಾಳಶಾಹಿ ಎಷ್ಟು ಒಳ್ಳೆಯದು ಅಂತ ಭಾಷಣ ಮಾಡಿದ. ಏನಾಗಿರಬಹುದು, ಊಹಿಸಿ ನೋಡೋಣ? ಕಲ್ಲು ಬಿತ್ತು ಅಂತೀರಾ? ಇಲ್ಲ. ಚಪ್ಪಾಳೆ? ಛೆ, ಅದೂ ಇಲ್ಲ.

ಭಾಷಣ ಮಾಡಿದವನು ನಾನೇ. ಕೊಡಗು ಇನ್ನೂ ಸ್ವಂತ ರಾಜ್ಯವಾಗಿದ್ದ ಕಾಲ. ಅಮ್ಮತ್ತಿ ಪಕ್ಕದ ಒಂದು ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರು. ಆಳುಗಳ ಕೂಲಿಯಲ್ಲಿ ಚೂರು ಚೂರೇ ಹಿಡಿದುಕೊಳ್ಳುವುದರಲ್ಲಿ ನಮ್ಮ ಧಣಿಗಳನ್ನು ಮೀರಿಸಿದವರಿರಲಿಲ್ಲ. ಅಂಥ ಜಾಣರು ಇರುವ ಕಡೆ ನಗುವಿಗೆ ಬರಗಾಲ ಬರುವುದುಂಟೇ? ವಾರಕ್ಕೊಂದು ಪ್ರಸಂಗ ಆಗುತ್ತಲೇ ಇರುತ್ತಿತ್ತು.

ನನ್ನ ಭಾಷಣ

ಆ ವರ್ಷ ಕೊಯ್ಲು ಶುರುವಾಗುತ್ತಿದ್ದ ಹಾಗೇ ಹೆಣ್ಣಾಳುಗಳು ಕೂಲಿ ಏರಿಸಿ ಅಂತ ಕೇಳಿದ್ದರು. ಧಣಿಗಳು ನನ್ನನ್ನು ಕರೆದು, "ಏನಯ್ಯಾ ಬಿ.ಎ., ಓದಿದ್ದು ಉಪಯೋಗಕ್ಕೆ ಬರಲಿ. ಬಂಡವಾಳ ಅಂದರೇನು ಅಂತ ಇವರಿಗೆ ತಿಳಿಸಿ ಹೇಳು" ಅಂದರು.

ಬೆಳಗಿನ ಹಾಜರಿ ಹೊತ್ತಿಗೆ ನಿಂತೆ ನೋಡಿ. ಭೂಮಿ, ಶ್ರಮ, ಬಂಡವಾಳ, ಸಂಘಟನೆ ಅಂತ ನಾಲ್ಕನ್ನೂ ಬಿಡಿಸಿ ಬಿಡಿಸಿ ಕಾಲು ಗಂಟೆ ಹೇಳಿದೆ. ಆಳುಗಳಲ್ಲಿ ತಮಿಳರು, ಮಲಯಾಳಿಗಳು, ಹಾಸನದ ಕಡೆಯವರು ಎಲ್ಲ ಇದ್ದರು. ಹಾಗಾಗಿ ಮೇಸ್ತ್ರಿ ಅದನ್ನು ತಮಿಳಿಗೂ ಮಲಯಾಳಕ್ಕೂ ತಿರುಗಿಸಬೇಕಿತ್ತು. ಅವನು ಗಂಟಲು ಸರಿ ಮಾಡಿಕೊಂಡು ಎರಡೂ ಭಾಷೆಯಲ್ಲಿ ಒಂದೊಂದೇ ಮಾತು ಹೇಳಿ ಮುಗಿಸಿದ. ಆಮೇಲೆ ವಿಚಾರಿಸಿದರೆ ಅವನು ಹೇಳಿದ್ದಿಷ್ಟು: "ಕೂಲಿ ಏರಿಸೋದಿಲ್ಲವಂತೆ."

ನಾನು ಹುರುಪಿನಲ್ಲಿ ಕೊನೇ ಬಾಣ ಬಿಟ್ಟೆ. "ನಷ್ಟ ಬಂದರೆ ಹೊರುವವರು ಧಣಿಗಳು. ಅದಕ್ಕೇ ಲಾಭ ಅವರದು."

ಹಾಸನದ ಕಡೆಯಿಂದ ಬಂದ ಒಬ್ಬ ಹೆಂಗಸಿದ್ದಳು. ಆಳುಗಳ ಲೈನ್ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರೂ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು. ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ಅಲ್ಲ ಕಣಪ್ಪ ರೈಟ್ರೇ, ಹೋದ ವರ್ಷ ಕಾಫಿ ಹೂವಾಗೋ ಹೂಮಳೆ ಕೈಕೊಡ್ತಲ್ಲ, ಆಗ ನಮ್ಮ ಕೂಲಿ ಅಕ್ಕಿ ಯಾಕೆ ಕಡಿಮೆ ಮಾಡಿದ್ರಿ?"

"ತೋಟಕ್ಕೆ ನಷ್ಟ ಆಗಿತ್ತಲ್ಲ ದೊಡ್ಡವ್ವ."

"ಹಂಗಾರೆ ನಷ್ಟ ನಾವೂ ಹೊತ್ತಂಗಾಯ್ತು. ಈ ವರ್ಷ ಮಳೆ ಚೆನ್ನಾಗಿ ಬಂದದೆ. ನಮ್ಮ ಲಾಭ ಎಲ್ಲಿ ಮಡಗಿದ್ದೀರಿ?"

ಈ ಪ್ರಶ್ನೆಯನ್ನು ಮಾತ್ರ ಮೇಸ್ತ್ರಿ ಒಂದಕ್ಷರ ಬಿಡದೆ ಎರಡೂ ಭಾಷೆಗೆ ತಿರುಗಿಸಿದ. ಧಣಿಗಳು ನನ್ನ ಕಿವಿಯ ಹತ್ತಿರ ಬಂದು, "ನಾಳೆಯಿಂದ ನೀನು ಕಾಫಿ ಒಣಗಿಸೋದು ನೋಡಿಕೋ ಸಾಕು" ಅಂದರು.

ಧಣಿಗಳ ಗಡಿಯಾರ

ರೈಲೇ ಬಾರದ ಕೊಡಗಿಗೆ ರೈಲು ಹಳಿಯ ತುಂಡು ಹೇಗೆ ಬಂತೋ, ಬಂಗಲೆಯ ಮುಂದೆ ಒಂದು ತೂಗುತ್ತಿತ್ತು. ಅದನ್ನು ಬಾರಿಸಿದರೆ ಕೆಲಸ ಶುರು, ಮತ್ತೆ ಬಾರಿಸಿದರೆ ಬಿಡುವು. ಬಂಗಲೆಯ ಗೋಡೆ ಗಡಿಯಾರ ನೋಡಿ ಬಾರಿಸಬೇಕು. ಆ ಗಡಿಯಾರಕ್ಕೆ ಒಂದು ವಿಚಿತ್ರ ಗುಣ. ಬೆಳಿಗ್ಗೆ ಅರ್ಧ ಗಂಟೆ ಮುಂದೆ ಓಡುತ್ತಿತ್ತು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಹಿಂದೆ ಬೀಳುತ್ತಿತ್ತು. ಮುಳ್ಳು ತಿರುಗಿಸುವುದು ಯಾರ ಬೆರಳು ಅಂತ ನಾನು ಹೇಳಬೇಕಾಗಿಲ್ಲ.

ಒಂದು ದಿನ ಮಡಿಕೇರಿಯಲ್ಲಿ ತೋಟದ ಮಾಲೀಕರ ಸಭೆ. ಕೂಲಿ ಏರಿಸಲೇಬಾರದು ಅಂತ ನಮ್ಮ ಧಣಿಗಳದ್ದೇ ಮುಖ್ಯ ಭಾಷಣ. ಜೀಪು ರಿಪೇರಿಗೆ ಹೋಗಿತ್ತು. ಮೂರೂವರೆ ಬಸ್ಸೇ ಗತಿ. ಊಟ ಮಾಡಿ, ಅಭ್ಯಾಸಬಲದಿಂದ ಮುಳ್ಳು ಹಿಂದಕ್ಕೆ ತಿರುಗಿಸಿ, ಸಣ್ಣದೊಂದು ನಿದ್ದೆ ತೆಗೆದು ಎದ್ದರು. ಗಡಿಯಾರ ನೋಡಿ, "ಬೇಕಾದಷ್ಟು ಹೊತ್ತಿದೆ" ಅಂತ ಕೋಟು ತೊಟ್ಟು ಗೇಟಿಗೆ ಬಂದರೆ ರಸ್ತೆಯಲ್ಲಿ ಧೂಳು ಮಾತ್ರ ಇತ್ತು.

ಗೇಟಿನ ಹತ್ತಿರ ಕೊಯ್ಯುತ್ತಿದ್ದ ದೊಡ್ಡವ್ವನನ್ನು, "ಬಸ್ಸು ಬಂತಾ?" ಅಂತ ಕೇಳಿದರು.

"ಬಂತು, ಹೋಯ್ತು ಬುದ್ಧಿ."

"ಇಷ್ಟು ಬೇಗ ಹೇಗೆ ಹೋಯ್ತು?"

ದೊಡ್ಡವ್ವ ಗಿಡದಿಂದ ಕೈ ತೆಗೆಯಲಿಲ್ಲ. "ಏನು ಮಾಡೋದು ಬುದ್ಧಿ, ಡ್ರೈವರು ನಿಮ್ಮ ತೋಟದ ಆಳಲ್ಲವಲ್ಲ!"

ಕೋಲು ಮುರಿದದ್ದು

ಇದನ್ನು ಹೇಳುವ ಮುಂಚೆ ನಮ್ಮ ಅಳತೆಯ ಕ್ರಮ ಹೇಳಿಬಿಡುತ್ತೇನೆ. ಕೊಯ್ದ ಹಣ್ಣನ್ನು ಸಂಜೆ ಕಣದಲ್ಲಿ ಮರದ ಪೆಟ್ಟಿಗೆಯಲ್ಲಿ ಅಳೆಯುವುದು, ಪೆಟ್ಟಿಗೆಗೆ ಇಷ್ಟು ಅಂತ ಕೂಲಿ. ಹಣ್ಣು ಪೆಟ್ಟಿಗೆಯ ಬಾಯಿ ಮೀರಿ, ಗೋಪುರ ಎದ್ದು, ಇನ್ನೊಂದು ಹಣ್ಣಿಟ್ಟರೆ ಉರುಳಬೇಕು. ಆಗಲೇ ಅದು ಒಂದು ಪೆಟ್ಟಿಗೆ. ಕೂಲಿಯಲ್ಲಿ ಒಂದು ಪಾಲು ಅಕ್ಕಿ. ಅದನ್ನು ಭಾನುವಾರ ಗೋದಾಮಿನಲ್ಲಿ ಕೊಡುವುದು. ಅಲ್ಲಿ ಮಾತ್ರ ಸೇರಿನ ಬಾಯಿ ಮೇಲೆ ಒಂದು ಕೋಲು ಎಳೆದು ಮಟ್ಟಸ ಮಾಡುತ್ತಿದ್ದರು, ಒಂದು ಕಾಳು ಹೆಚ್ಚು ಹೋಗುವಂತಿಲ್ಲ. ಕಾಫಿಗೆ ಗೋಪುರ, ಅಕ್ಕಿಗೆ ಕೋಲು. ಒಂದು ಕಣದಲ್ಲಿ, ಇನ್ನೊಂದು ಗೋದಾಮಿನಲ್ಲಿ. ಎರಡೂ ಒಟ್ಟಿಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ದಿನ ಆಳುಗಳು ರಜೆ ಕೇಳಿದರು. ಊರಿಗೆಲ್ಲ ರಜೆ ಇದ್ದ ದಿನವೇ. ಧಣಿಗಳು ರಜೆ ಕೊಡಲಿಲ್ಲ. ಆಳುಗಳು ಗೊಣಗಿದಾಗ ಸಮಾಧಾನಕ್ಕೆ, "ಆಯ್ತು, ಈ ವಾರದ ಅಕ್ಕಿ ಇವತ್ತೇ ಕೊಡ್ತೇನೆ, ಕಣಕ್ಕೇ ತರಿಸ್ತೇನೆ" ಅಂದರು.

ಸಂಜೆ ಕಣದ ಒಂದು ಕಡೆ ಕಾಫಿ ಪೆಟ್ಟಿಗೆ, ಇನ್ನೊಂದು ಕಡೆ ಅಕ್ಕಿ ಮೂಟೆ. ದೊಡ್ಡವ್ವ ತನ್ನ ಚೀಲ ಸುರಿದು ಗೋಪುರ ಕಟ್ಟಿದಳು. ಆ ಕಡೆ ಮೇಸ್ತ್ರಿ ಸೇರಿನ ಮೇಲೆ ಕೋಲು ಎಳೆಯುತ್ತಿದ್ದ. ಅದನ್ನು ನೋಡಿದಳು, ಇದನ್ನು ನೋಡಿದಳು. ಸೀದಾ ಹೋಗಿ ಅವನ ಕೈಯಿಂದ ಕೋಲು ಕಿತ್ತುಕೊಂಡು ಬಂದು, ಕಾಫಿ ಪೆಟ್ಟಿಗೆಯ ಮೇಲೆ ಸರಕ್ಕನೆ ಎಳೆದುಬಿಟ್ಟಳು. ಗೋಪುರ ಕೆಳಗೆ! ಬಿದ್ದ ಹಣ್ಣು ಬಳಿದು ಚೀಲಕ್ಕೆ ತುಂಬಿಕೊಂಡು, "ಇದು ಮುಂದಿನ ಪೆಟ್ಟಿಗೆಗೆ" ಅಂದಳು.

"ಏಯ್, ಅದು ಅಕ್ಕಿಯ ಕೋಲು!" ಧಣಿಗಳು ಕೂಗಿದರು.

"ಕೋಲಿಗೇನು ಗೊತ್ತು ಬುದ್ಧಿ, ಅಕ್ಕಿ ಯಾವುದು, ಕಾಫಿ ಯಾವುದು?"

"ಕಾಫಿಗೆ ಗೋಪುರ ನಮ್ಮ ಅಜ್ಜನ ಕಾಲದ ಪದ್ಧತಿ!"

"ಅಜ್ಜಯ್ಯನೋರು ಅಕ್ಕಿಗೆ ಬೇಡ ಅಂದಿದ್ರಾ?"

"ನಾಳೆ ಬೆಳಿಗ್ಗೆ ಲೈನ್ ಮನೆ ಖಾಲಿ ಮಾಡು!"

ಅವಳಿಗಿದ್ದದ್ದು ಅದೊಂದೇ ಸೂರು. ಆದರೂ ಅವಳು ಹೋಗಿ ತನ್ನ ಚೀಲದ ಮೇಲೆ ಕೂತಳು. ಅವಳ ಪಕ್ಕದವಳು ಕೂತಳು. ನೋಡುನೋಡುತ್ತ ಕಣದ ತುಂಬ ಹೆಂಗಸರು ಚೀಲಗಳ ಮೇಲೆ ಕೂತುಬಿಟ್ಟರು. ಹಣ್ಣು ಚೀಲದಲ್ಲೇ ಉಳಿದರೆ ಬೆಳಗಾಗುವುದರೊಳಗೆ ಬಿಸಿಯೇರಿ ಕೆಟ್ಟುಹೋಗುತ್ತದೆ, ಅದು ಧಣಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವರು ನನ್ನ ಕಡೆ ತಿರುಗಿದರು. "ಹೇಳಯ್ಯಾ ಬಿ.ಎ.! ನಿನ್ನ ಎಕನಾಮಿಕ್ಸ್ ಏನು ಹೇಳುತ್ತೆ?"

ಕೆಲಸ ಹೋದರೆ ಹೋಗಲಿ ಅನ್ನಿಸಿತು. "ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇದ್ದರೆ ಅದಕ್ಕೆ ಬಂಡವಾಳಶಾಹಿ ಅನ್ನೋದಿಲ್ಲ ಸಾರ್. ಅದಕ್ಕೆ ಬೇರೆ ಹೆಸರಿದೆ."

ಧಣಿಗಳ ಮುಖ ಕಾಫಿ ಹಣ್ಣಾಯಿತು. ದೊಡ್ಡವ್ವನ ಕೈಯಿಂದ ಕೋಲು ಕಿತ್ತು, ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದರು. "ತಗೋ! ಈಗ ಹೇಗೆ ಎಳೀತೀಯೋ ನೋಡ್ತೇನೆ!"

ದೊಡ್ಡವ್ವ ನಿಧಾನವಾಗಿ ಎದ್ದಳು. ಅಕ್ಕಿ ಮೂಟೆಯ ಮುಂದೆ ಹೋಗಿ ಸೆರಗು ಹಾಸಿದಳು.

"ಮೇಸ್ತ್ರೀ, ಅಳೆಯಪ್ಪ. ಕೋಲಂತೂ ಇಲ್ಲ."

ಮೇಸ್ತ್ರಿ ಸೇರು ತುಂಬಿಸಿದ. ಅಕ್ಕಿ ಬಾಯಿ ಮೀರಿ ಗೋಪುರ ಎದ್ದಿತು. ಅಭ್ಯಾಸಬಲದಿಂದ ಬಲಗೈ ಕೋಲಿಗೆ ತಡಕಾಡಿತು, ಕಣ್ಣು ಮುರಿದ ತುಂಡುಗಳ ಮೇಲೆ ಬಿತ್ತು, ಕೈ ಹಿಂದೆ ಬಂತು. ಸೇರು ಹಾಗೇ ಸೆರಗಿಗೆ ಬಿತ್ತು. ಮುಂದಿನವಳು ಬಂದಳು, ಅದರ ಮುಂದಿನವಳೂ ಬಂದಳು. ಮೂಟೆ ಇಳಿಯುವುದನ್ನು ಮೂರು ನಿಮಿಷ ನೋಡಿದ ಧಣಿಗಳು ಕಿರುಚಿದರು: "ಯಾರಾದರೂ ಒಂದು ಕೋಲು ತನ್ನಿರೋ!"

ಅರುವತ್ತು ಜನ ಒಟ್ಟಿಗೆ ಕೇಳಿದರು: "ಯಾವುದಕ್ಕೆ ಬುದ್ಧಿ?"

ಮಾರನೇ ದಿನ ಯಾರ ಮನೆಯೂ ಖಾಲಿಯಾಗಲಿಲ್ಲ. ಬಡಗಿ ಎರಡು ಕೋಲು ಮಾಡಿಕೊಟ್ಟ, ಒಂದು ಗೋದಾಮಿಗೆ, ಒಂದು ಕಣಕ್ಕೆ. ಅಷ್ಟಕ್ಕೂ ಆಳುಗಳು ಕೇಳಿದ ರಜೆಯನ್ನು ಧಣಿಗಳು ಕೊಟ್ಟಿದ್ದರೆ ಈ ಫಜೀತಿಯೇ ಇರಲಿಲ್ಲ. ಯಾವ ರಜೆ ಅಂತೀರಾ? ಆ ದಿನ ಸಾವಿರದ ಒಂಬೈನೂರ ಐವತ್ತೈದನೇ ಇಸವಿ ಜನವರಿ ಇಪ್ಪತ್ತಾರು, ಬುಧವಾರ.