ಗ್ರಾಫ್ ಕೆಡಿಸಿದ ಬ್ಯಾಂಡ್ ಮಾಸ್ತರು

ಬ್ಯಾಂಡ್ ಮಾಸ್ತರು ಇನ್ನೂ ಬದುಕಿದ್ದಾರೆ ಎಂಬ ಸುದ್ದಿ ಬೆಳಿಗ್ಗೆ ಫೋನಿನಲ್ಲಿ ಕಿವಿಗೆ ಬಿದ್ದದ್ದೇ ತಡ, ಗ್ರಾಫಣ್ಣನಿಗೆ ಆಕಾಶವೇ ಕಳಚಿಬಿದ್ದಂತಾಯಿತು. ಸುದ್ದಿ ಕೊಟ್ಟವರು ಬೇರಾರೂ ಅಲ್ಲ, ಸಾಕ್ಷಾತ್ ಬ್ಯಾಂಡ್ ಮಾಸ್ತರೇ.

"ಚೆನ್ನಾಗಿದ್ದೀನಿ ಸ್ವಾಮಿ, ಗುಂಡುಕಲ್ಲಿನ ಹಾಗಿದ್ದೀನಿ! ಇವತ್ತು ಹೇಗೂ ಆ ಕಡೆ ಬರ್ತಿದ್ದೀನಿ, ಕಣ್ಣಾರೆ ನೋಡ್ತೀರಂತೆ" ಎಂದರು.

ಗ್ರಾಫಣ್ಣ ಕ್ಯಾನ್ಸರ್ ಸಂಶೋಧನಾಲಯದ ತಾತ್ಕಾಲಿಕ ಸಂಶೋಧಕ. ಮೂತ್ರಕೋಶದಿಂದ ತೆಗೆದ ಗಡ್ಡೆಯ ಚೂರಿನಲ್ಲಿ ಮೂರು ಜೀನ್‌ಗಳನ್ನು ನೋಡಿ, ಯಾವ ರೋಗಿ ಉಳಿಯುತ್ತಾನೆ, ಯಾವನು ಉಳಿಯುವುದಿಲ್ಲ ಎಂದು ಮುಂಚಿತವಾಗಿ ಹೇಳುವುದು ಅವನ ವಿದ್ಯೆ. ಮೂರೂ ಕೆಟ್ಟಿದ್ದರೆ ಐದು ವರ್ಷ ದಾಟುವುದಿಲ್ಲ ಎಂದು ಅವನ ಗ್ರಾಫ್ ಸಾರುತ್ತಿತ್ತು. ಆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸೊನ್ನೆ ಮುಟ್ಟುವುದನ್ನು ನೋಡುತ್ತಿದ್ದರೆ ಅವನಿಗೆ ಊಟವೇ ಬೇಡ. ಆ ಮೆಟ್ಟಿಲುಗಳಲ್ಲಿ ಸತ್ತವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಸರಿಯಾದ ಸಮಯಕ್ಕೆ ಸತ್ತಿದ್ದಾರೆ ಎಂಬುದಷ್ಟೇ ಗೊತ್ತಿತ್ತು.

ಮೂರೂ ಜೀನ್ ಕೆಟ್ಟವರಲ್ಲಿ ಬ್ಯಾಂಡ್ ಮಾಸ್ತರೂ ಒಬ್ಬರು. ಆಪರೇಷನ್ ಆಗಿ ಎಂಟು ವರ್ಷವಾದ್ದರಿಂದ ಗ್ರಾಫಣ್ಣ ಧೈರ್ಯವಾಗಿ ಅವರನ್ನು ಸತ್ತವರ ಜೊತೆ ಸೇರಿಸಿದ್ದ. ಸಂಜೆ ನಾಲ್ಕಕ್ಕೆ ಮೇಲ್ಮಹಡಿಯಲ್ಲಿ ಅವನ ಸಂಶೋಧನೆ ಪರಿಶೀಲಿಸುವ ಸಮಿತಿಯ ಸಭೆ. ಒಪ್ಪಿಗೆ ಸಿಕ್ಕರೆ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ಸಭೆಗೆ ಮುಂಚೆ ಶಾಸ್ತ್ರಕ್ಕೊಮ್ಮೆ ವಿಚಾರಿಸೋಣ ಎಂಬ ದುರ್ಬುದ್ಧಿ ಅವನಿಗೆ ಅಂದೇ ಬರಬೇಕೆ?

ಹೊರಡುವಾಗ ಹೆಂಡತಿ ಬಾಗಿಲಲ್ಲೇ ಮಂಗಳಾರತಿ ಎತ್ತಿದ್ದಳು. "ನನ್ನ ತಮ್ಮ ಹತ್ತನೇ ಕ್ಲಾಸು, ಖಾಯಂ ಆಗಿ ಹತ್ತು ವರ್ಷ ಆಯ್ತು. ನೀವು ಡಾಕ್ಟರೇಟು, ವರ್ಷಾ ವರ್ಷಾ ತಾತ್ಕಾಲಿಕ. ಇವತ್ತಾದ್ರೂ ಮುಖ ಎತ್ಕೊಂಡು ಬನ್ನಿ."

ಪ್ರಯೋಗಾಲಯದಲ್ಲಿ ಅಂಕಿಅಂಶ ನೋಡಿಕೊಳ್ಳುವ ಲೆಕ್ಕದ ಮೇಡಂ ಕಂಪ್ಯೂಟರಿನಲ್ಲಿ ಮಾಸ್ತರನ್ನು ಬದುಕಿಸಿ ನೋಡಿದರು. ಗೆರೆ ಸೊನ್ನೆ ಮುಟ್ಟದೆ ಮಧ್ಯದಲ್ಲೇ ನೇತಾಡಿತು.

"ಗುಂಪು ಚಿಕ್ಕದು ನೋಡಿ, ಒಬ್ಬರು ಬದುಕಿದ್ರೂ ಎಲ್ಲ ಎಕ್ಕುಟ್ಟೋಗತ್ತೆ" ಎಂದು ಲೊಚಗುಟ್ಟಿದರು.

ಚೂರುಗಳನ್ನಿಡುವ ಶೀತಕೋಣೆಯ ಯಜಮಾನ ಫ್ರಿಜ್ ಮಾಮನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. "ಇನ್ನೊಂದ್ಸಲ ಫೋನ್ ಮಾಡಿ ನೋಡಿ. ವಯಸ್ಸಾದವರು. ಬೆಳಿಗ್ಗೆ ಇದ್ದವರು ಮಧ್ಯಾಹ್ನಕ್ಕೆ ಇರ್ತಾರೆ ಅಂತ ಏನು ಗ್ಯಾರಂಟಿ?" ಎಂದ.

"ಸತ್ತಿದ್ದಾರೆ ಅಂತ ಬರೆದ್ರೆ ಸುಳ್ಳಾಗತ್ತೆ," ಎಂದರು ಮೇಡಂ. "'ಸಂಪರ್ಕಕ್ಕೆ ಸಿಗಲಿಲ್ಲ' ಅಂತ ಹಾಕಿ. ಸಿಗದವರು ಲೆಕ್ಕಕ್ಕೆ ಬರಲ್ಲ. ಗೆರೆ ಅದರ ಪಾಡಿಗೆ ಇಳಿಯತ್ತೆ."

ಗ್ರಾಫಣ್ಣನಿಗೆ ಹೋದ ಜೀವ ಬಂದಂತಾಯಿತು. ಹೊಸ ಗ್ರಾಫ್ ಸಿದ್ಧವಾಗುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಎಲ್ಲಿ ನಮ್ಮ ಡಾಕ್ಟರು?" ಎನ್ನುತ್ತ ಬ್ಯಾಂಡ್ ಮಾಸ್ತರು ಒಳನುಗ್ಗಿ ಅವನ ಕೈ ಹಿಡಿದು ಕುಲುಕಿದರು. "ಎಂಟು ವರ್ಷದಲ್ಲಿ ಹೇಗಿದ್ದೀಯಪ್ಪಾ ಅಂತ ಕೇಳಿದ ಮೊದಲನೇ ಡಾಕ್ಟರು ನೀವೇ!"

ಕುರ್ಚಿಯಲ್ಲಿ ಕುಳಿತು ಮೊಬೈಲನ್ನು ಮೇಜಿನ ಮೇಲಿಟ್ಟು ಅದರ ರಿಂಗ್‌ಟೋನ್ ಕೇಳಿಸಿದರು. ಟ್ರಂಪೆಟ್ಟಿನ ಸದ್ದಿಗೆ ಗಾಜಿನ ಬುರುಡೆಗಳು ನಡುಗಿದವು. "ಆಪರೇಷನ್ ಆದ್ಮೇಲೆ ನಾನೇ ಊದಿದ್ದು. ಒಂದೇ ಉಸಿರು! ಹೇಗೆ?"

ಗ್ರಾಫಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಒಂದು ಕ್ಷಣ ಅಷ್ಟೇ. ಕಾರಿಡಾರಿನಲ್ಲಿ ಯಾರೋ ಬರುವ ಬೂಟಿನ ಸದ್ದು ಕೇಳಿ ಫ್ರಿಜ್ ಮಾಮ ಮಾಸ್ತರನ್ನು ಶೀತಕೋಣೆಗೆ ನೂಕಿದ. ಮಾಸ್ತರು ಅಲ್ಲೂ ಬೇಸರಪಟ್ಟುಕೊಳ್ಳಲಿಲ್ಲ. "ನನ್ನ ಚೂರು ಯಾವ ಡಬ್ಬೀಲಿದೆ? ಒಂದ್ಸಲ ಮಾತಾಡಿಸ್ತೀನಿ" ಎನ್ನುವುದು ಒಳಗಿನಿಂದ ಕೇಳಿಸಿತು.

ಹೊರಬಂದವರೇ ಕೈ ಉಜ್ಜಿಕೊಂಡು, "ನಾಲ್ಕಕ್ಕೆ ನನಗೆ ಮೇಲ್ಗಡೆ ಸ್ವಲ್ಪ ಕೆಲಸ..." ಎಂದು ಶುರು ಮಾಡಿದರು.

"ಮೇಲ್ಗಡೆ ಏನೂ ಇಲ್ಲ ಯಜಮಾನ್ರೇ, ಪೈಂಟ್ ಹೊಡೀತಿದ್ದಾರೆ" ಎಂದು ಮಾಮ ಒಂದೇ ಏಟಿಗೆ ಬಾಯಿ ಮುಚ್ಚಿಸಿದ.

"ಓ, ಹಾಗಾದ್ರೆ ಇವತ್ತಿಲ್ಲ ಅನ್ನಿ."

"ನಿಮಗೆ ಒಂದು ಸ್ಕ್ಯಾನ್ ಆಗ್ಬೇಕು. ಊರಾಚೆ ಆಸ್ಪತ್ರೇಲಿ. ಈಗಲೇ!" ಎಂದ ಗ್ರಾಫಣ್ಣ. "ವಿಜ್ಞಾನಕ್ಕೆ ತುಂಬ ಅನುಕೂಲ."

ವಿಜ್ಞಾನವೆಂದರೆ ಮಾಸ್ತರು ಕರಗಿಹೋದರು. ಮೂವರೂ ಸೇರಿ ಅವರನ್ನು ಟ್ಯಾಕ್ಸಿಗೆ ತುಂಬಿ ಕೈಬೀಸಿದರು. ವಾಪಸ್ ಬಂದು ನೋಡಿದರೆ ಮೊಬೈಲು ಮೇಜಿನ ಮೇಲೆಯೇ ಇತ್ತು. ನಾಳೆ ತಲುಪಿಸಿದರಾಯಿತು ಎಂದು ಗ್ರಾಫಣ್ಣ ಅದನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಸಭೆಗೆ ಓಡಿದ.

ಸಭೆಯಲ್ಲಿ ಅವನು ಹಿಂದೆಂದೂ ಮಾತಾಡದಷ್ಟು ಚೆನ್ನಾಗಿ ಮಾತಾಡಿದ. ಪರದೆಯ ಮೇಲೆ ಗೆರೆ ಸೊನ್ನೆಗೆ ಇಳಿದಾಗ ಸಮಿತಿಯವರು ತಲೆದೂಗಿದರು.

"ಕೆಳಗೆ, ಸಂಪರ್ಕಕ್ಕೆ ಸಿಗದವರು ಒಬ್ಬರು ಅಂತಿದೆಯಲ್ಲ?" ಎಂದು ಅಧ್ಯಕ್ಷರು ಕೇಳಿದರು.

"ಎಷ್ಟು ಹುಡುಕಿದ್ರೂ ಪತ್ತೆ ಇಲ್ಲ ಸಾರ್. ಫೋನೇ ಎತ್ತಲ್ಲ." ಗ್ರಾಫಣ್ಣನ ದನಿಯಲ್ಲಿ ದುಃಖ ಮಡುಗಟ್ಟಿತ್ತು.

"ಪಾಪ. ಇರಲಿ, ಒಳ್ಳೇ ಕೆಲಸ. ನಮ್ಮದೇನೂ ತಕರಾರಿಲ್ಲ. ಆದರೆ ಈ ವರ್ಷದಿಂದ ಸಮಿತೀಲಿ ರೋಗಿಗಳ ಪರವಾಗಿ ಒಬ್ಬ ಸದಸ್ಯರು ಇರಬೇಕು. ಅವರು ಹೂಂ ಅನ್ನದೆ ಏನೂ ಪಾಸಾಗಲ್ಲ." ಅಧ್ಯಕ್ಷರು ಪಕ್ಕದ ಖಾಲಿ ಕುರ್ಚಿ ನೋಡಿದರು. "ಇದೇ ಕಾಯಿಲೆ ಗೆದ್ದವರು, ಬ್ಯಾಂಡ್ ಮಾಸ್ತರು. ನಿಮ್ಮ ಸಂಶೋಧನೆಗೂ ತಮ್ಮ ಚೂರು ಕೊಟ್ಟಿದ್ದಾರಂತೆ, ಹೆಮ್ಮೆಯಿಂದ ಹೇಳ್ತಿದ್ರು. ಬೇಗನೇ ಬರ್ತೀನಿ ಅಂದಿದ್ರಲ್ಲ... ತಾಳಿ, ಫೋನ್ ಮಾಡ್ತೀನಿ."

ಗ್ರಾಫಣ್ಣ ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಪ್ಯಾಂಟಿನೊಳಗಿಂದ ಟ್ರಂಪೆಟ್ ಮೊಳಗಿತು.

ಲೆಕ್ಕದ ಮೇಡಂ ಕಣ್ಣು ಮುಚ್ಚಿಕೊಂಡರು. ಪ್ರೊಜೆಕ್ಟರ್ ನಡೆಸುತ್ತಿದ್ದ ಫ್ರಿಜ್ ಮಾಮ ಸೂರು ನೋಡತೊಡಗಿದ. ಅಧ್ಯಕ್ಷರು ಒಮ್ಮೆ ತಮ್ಮ ಮೊಬೈಲನ್ನೂ, ಒಮ್ಮೆ ಆ ಜೇಬನ್ನೂ, ಒಮ್ಮೆ ಪರದೆಯ ಕೊನೇ ಸಾಲನ್ನೂ ನೋಡಿದರು.

"ಎತ್ತಿ" ಎಂದರು.

ಗ್ರಾಫಣ್ಣ ಜೇಬನ್ನು ಅದುಮಿ ಹಿಡಿದುಕೊಂಡ. ಸದ್ದು ತಾನಾಗಿಯೇ ನಿಂತೀತೆಂದು ಕಾದ. ಟ್ರಂಪೆಟ್ ಊದುತ್ತಲೇ ಇತ್ತು. ಆ ಉಸಿರು ಅಷ್ಟು ಬೇಗ ಮುಗಿಯುವಂಥದ್ದಲ್ಲ ಎಂಬುದು ಅವನಿಗೆ ಆಗ ಖಾತ್ರಿಯಾಯಿತು.