ಚೌಕಾಸಿ ನಿಲ್ಲಿಸಿದ ಹೆಂಡತಿ

ಆಣೆ ಮಾಡಿ ಹೇಳ್ತೀನಿ, ಮುಂದಿನ ಪ್ರತಿ ಅಕ್ಷರವೂ ಸತ್ಯ. ಐವತ್ತರ ದಶಕದ ಕೊನೆ. ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿದರೆ ಭದ್ರಾವತಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ. ಕಾರ್ಖಾನೆಯ ಕುಲುಮೆಯ ಶಾಖವನ್ನು ಬರಿಗಣ್ಣಲ್ಲೇ ನೋಡಿ ಹೇಳುತ್ತಿದ್ದ ಏಕೈಕ ಗಂಡಸು ನಾನು. ಅಂಥವನ ಮನೆಯಲ್ಲೇ ಇಂಥವೆಲ್ಲ ಸಾಲುಸಾಲಾಗಿ ನಡೆಯಬೇಕೆ!

ಬಾಗಿಲಿಲ್ಲದ ಒಲೆ

ನನ್ನವಳಿಗೆ ಆಗ ನಲವತ್ತಾರೋ ನಲವತ್ತೇಳೋ. ಕ್ವಾರ್ಟರ್ಸಿನ ಜನ ಕಂಬಳಿಯಿಂದ ಮೂಗು ಹೊರಗಿಡಲೂ ಹೆದರುವ ಚಳಿ. ಇವಳು ಕಿಟಕಿಗಳನ್ನೆಲ್ಲ ತೆರೆದು, ಬೆವರುತ್ತಾ, ಮೊರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಾಳೆ.

“ಏನೇ ಮಾರಾಯ್ತಿ ಇದು! ದಿನವಿಡೀ ಬೆಂಕಿ ಮುಂದೆ ನಿಲ್ಲೋ ನನಗೇ ನಡುಗ್ತಿದೆ.”

“ನಿಮ್ಮ ಒಲೆಗಾದ್ರೆ ಬಾಗಿಲಿದೆ, ಮುಚ್ಚಬಹುದು. ನನ್ನೊಳಗಿನ ಬೆಂಕಿಗೆ ಎಲ್ಲಿದೆ?”

ಅರಳಿ ಮರ

ಸೆಕೆಯ ಬೆನ್ನಿಗೇ ಅಳು ಬಂತು. ಒಗ್ಗರಣೆ ಸೀದರೆ ಅಳು, ಸೀಯದಿದ್ದರೂ ಅಳು. ನಿದ್ದೆಯಂತೂ ಇಲ್ಲವೇ ಇಲ್ಲ. ಪಕ್ಕದ ಮನೆಯ ತಮಿಳಮ್ಮ ವಿಭೂತಿ ಹಚ್ಚಿದರು. ಎದುರುಮನೆಯ ಟಾಂಗಾ ಸಾಹೇಬರು ದರ್ಗಾದಿಂದ ತಾಯಿತ ತಂದರು. ನಮ್ಮ ಪುರೋಹಿತರು ಮಂತ್ರಿಸಿದ ದಾರ ಕಟ್ಟಿದರು. ಇವಳು ಎಲ್ಲವನ್ನೂ ಕಟ್ಟಿಸಿಕೊಂಡು, “ರೀ, ಅರಳಿ ಮರ ಮಾಡಿಬಿಟ್ರಿ ನನ್ನ. ಪ್ರದಕ್ಷಿಣೆ ಒಂದು ಬಾಕಿ” ಅಂದಳು.

ಬೀದಿಯೇ ನಕ್ಕಿತು. ಅವಳು ನಗಲಿಲ್ಲ.

ಹೇಳಿದ ಬೆಲೆ

ಆಮೇಲೆ ಮಾತೂ ಹೋಯಿತು. ನಾನೋ, ಕಲ್ಲನ್ನೂ ನಗಿಸುವ ಭೂಪ. ಗಾಜನೂರಿನ ಹತ್ತಿರ ಮೊಸಳೆಯ ಬೆನ್ನೇರಿ ತುಂಗೆ ದಾಟಿದ ನನ್ನ ಸಾಹಸವನ್ನು ಮತ್ತೆ ಹೇಳಿದೆ. ಅವಳು ಗೋಡೆ ನೋಡುತ್ತಾ ಕೂತಿದ್ದಳು.

“ನಾನಿಲ್ಲದಿದ್ರೆ ಈ ಮನೆಗೇನು ನಷ್ಟ ರೀ?”

ಮೊಸಳೆಯನ್ನು ಅರ್ಧ ಹೊಳೆಯಲ್ಲೇ ಬಿಟ್ಟು ಅವಳ ಪಕ್ಕ ಕೂತೆ.

ಮರುದಿನ, ಬೀದಿಯಲ್ಲಿ ಬುಟ್ಟಿ ಹೊತ್ತು ತರಕಾರಿ ಮಾರುವ ಅಜ್ಜಿ ಏದುಸಿರು ಬಿಡುತ್ತಾ ಕಾರ್ಖಾನೆಯ ಗೇಟಿಗೇ ಬಂದಳು.

“ಸಾಮಿ, ಅಮ್ಮೋರನ್ನ ಬೇಗ ಡಾಕ್ಟರಿಗೆ ತೋರ್ಸಿ!”

“ಯಾಕಜ್ಜಿ, ಬಿದ್ದಳಾ?”

“ಬಿದ್ದಿದ್ರೆ ನಾನೇ ಎಬ್ಬಿಸ್ತಿದ್ದೆ. ಬದನೆಕಾಯಿಗೆ ನಾನು ಹೇಳಿದ ಬೆಲೆ ಹಂಗೇ ಕೊಟ್ಬುಟ್ರು!”

ನಾನು ಗೇಟಿನಿಂದಲೇ ಮನೆಗೆ ಓಡಿದೆ.

ಪಥ್ಯ

ಶಿವಮೊಗ್ಗದ ಲೇಡಿ ಡಾಕ್ಟರು ಇವಳನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ.

“ರೋಗಿ ನೀವೋ, ಅವರೋ?” ಅಂದರು. ಆಮೇಲೆ ಸಮಾಧಾನವಾಗಿ, “ಮುಟ್ಟು ನಿಲ್ಲೋ ಮುಂಚಿನ ವರ್ಷಗಳಲ್ಲಿ ಮೈಯೊಳಗಿನ ರಸಗಳು ಏರುಪೇರಾಗ್ತವೆ. ಅದು ಮಿದುಳಿಗೂ ತಟ್ಟುತ್ತೆ. ಕೆಲವರಿಗೆ ಬರೀ ಸೆಕೆ, ಕೆಲವರಿಗೆ ಮನಸ್ಸೇ ಕತ್ತಲಾಗುತ್ತೆ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ” ಅಂದರು.

ಗಂಡಸರ ಎದುರು ಯಾರೂ ಆಡದ ಮಾತು. ನಾನು ಫ್ಯಾನಿನ ರೆಕ್ಕೆ ನೋಡತೊಡಗಿದೆ.

“ಫ್ಯಾನಿಗೇನೂ ಆಗಿಲ್ಲ, ಇಲ್ಲಿ ನೋಡಿ. ಗುಳಿಗೆ ಕೊಡ್ತೀನಿ. ಒಂಟಿಯಾಗಿ ಬಿಡಬೇಡಿ. ಸಂಜೆ ಹೊಳೆ ಕಡೆ ಕರ್ಕೊಂಡು ಹೋಗಿ. ನೀವು ಬಾಯಿ ಮುಚ್ಚಿ, ಅವರ ಮಾತು ಕೇಳಿ.”

ಗುಳಿಗೆ ಅವಳಿಗೆ, ಪಥ್ಯ ನನಗೆ!

ಚಿನ್ನದ ತೊಟ್ಟು

ಭದ್ರೆಯ ದಂಡೆಯ ಆ ಸಂಜೆಗಳು ಈಗಲೂ ಕಣ್ಣಲ್ಲಿವೆ. ಮೊದಮೊದಲು ಹೊಳೆಯೊಂದೇ ಮಾತಾಡುತ್ತಿತ್ತು. ಆಮೇಲೊಂದು ದಿನ ಇವಳು, “ನಮ್ಮಮ್ಮನೂ ಈ ವಯಸ್ಸಲ್ಲಿ ಮೂಲೆ ಹಿಡಿದಿದ್ದಳು. ದೆವ್ವ ಅಂದ್ರು. ಯಾರೂ ಕೇಳಲಿಲ್ಲ” ಅಂದಳು. ನಾನು ಕೇಳಿದೆ. ತುಟಿ ಕಚ್ಚಿಕೊಂಡೇ ಕೇಳಿದೆ.

ತಿಂಗಳುಗಳು ಕಳೆದವು. ಒಂದು ಬೆಳಗ್ಗೆ ಬೀದಿಯಿಂದ ಗುಡುಗು:

“ಏನಜ್ಜಿ, ನಿನ್ನ ಬದನೆಕಾಯಿಗೆ ಚಿನ್ನದ ತೊಟ್ಟಿದೆಯಾ?”

ಅಜ್ಜಿ ಬುಟ್ಟಿ ಇಳಿಸಿ ಕೂಗಿದಳು: “ಅಮ್ಮೋರು ಜಗಳಕ್ಕೆ ಬಂದ್ರು! ಬರ್ರಪ್ಪೋ ಎಲ್ರೂ!”

ತಮಿಳಮ್ಮ, ಸಾಹೇಬರು, ಎಲ್ಲರೂ ಕುಸ್ತಿ ನೋಡುವಂತೆ ಸುತ್ತ ನಿಂತರು. ಅರ್ಧ ಬೆಲೆಗೆ ಬದನೆಕಾಯಿ, ಮೇಲೆ ಬಿಟ್ಟಿ ಕರಿಬೇವು. ಸೋತ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು; ಗೆದ್ದವಳು ಬೀದಿಗೆಲ್ಲ ಕೇಳುವಂತೆ ನಕ್ಕಳು.

ಇದನ್ನೆಲ್ಲ ಬರೆದು ಅವಳಿಗೇ ಓದಿ ಹೇಳಿದೆ.

“ಆ ಕುಲುಮೆ ತೆಗೀರಿ.”

“ಸಣ್ಣ ಕುಲುಮೆ ಅಂತ ಬರೀಲಾ?”

“ಊಹೂಂ.”

“ಬಾಯ್ಲರು?”

“ಇನ್ನೂ ಇಳಿಸಿ.”

ಅವಳ ಚೌಕಾಸಿಯ ಎದುರು ಗೆದ್ದವರುಂಟೇ? ಒಪ್ಪಿಕೊಂಡೆ: ಅದೊಂದು ಚೂರು ಕಟ್ಟುಕತೆ. ನಾನು ನಿಲ್ಲುತ್ತಿದ್ದದ್ದು ಕಾರ್ಖಾನೆಯ ಕ್ಯಾಂಟೀನಿನ ಕಾಫಿ ಒಲೆಯ ಮುಂದೆ.

ಮೊಸಳೆ ಮಾತ್ರ ನಿಜ.